ಕಾಣೆಯಾಗಿದ್ದ 16 ಜಿಬಿ ಮೆಮೊರಿ: ಮೈಸೂರಿನ ಒಂದು ಸರ್ವರ್ ನಿರ್ವಹಣಾ ಸೇವೆಯ ಬಗ್ಗೆ

ಮಂಡ್ಯದಲ್ಲಿರುವ ನಮ್ಮ ಬೆಲ್ಲದ ಮಂಡಿಯ ಲೆಕ್ಕಪತ್ರವೆಲ್ಲ 32 ಜಿಬಿ ಮೆಮೊರಿಯ ಒಂದು ಲಿನಕ್ಸ್ ಸರ್ವರ್‌ನಲ್ಲಿದೆ. ವಹಿವಾಟು ಬಿರುಸಾದ ಹೊತ್ತಿನಲ್ಲಿ ಅದು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ, ಡಿಸ್ಕ್‌ನಲ್ಲಿರುವ ನಿಧಾನದ ಜಾಗ) ಬಳಸತೊಡಗಿ ಬಿಲ್ಲು ಹೊರಡುವುದೇ ತಡವಾಗುತ್ತಿತ್ತು. ಮೊದಲು ನೋಡಿದ ತಂತ್ರಜ್ಞರು ರ‍್ಯಾಮ್ ಹೆಚ್ಚಿಸಿ ಎಂದಷ್ಟೇ ಹೇಳಿ ಹೋದರು. ಆಮೇಲೆ ಕರೆಸಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ ಇಬ್ಬರೇ ನಡೆಸುವ ಒಂದು ನಿರ್ವಹಣಾ ಸೇವೆಯವರನ್ನು.

ಅವರು ಯಾವುದನ್ನೂ ಮಾರುವ ಮೊದಲು ಮೆಮೊರಿಯ ಲೆಕ್ಕ ಕೇಳಿದರು. ಮೆಮೊರಿ ಬಳಕೆ ತೋರಿಸುವ ‘ಫ್ರೀ’ ಆದೇಶದಲ್ಲಿ ಕ್ಯಾಶ್ (ಡಿಸ್ಕ್‌ನಿಂದ ಓದಿದ್ದನ್ನು ಮತ್ತೆ ಬೇಕಾದೀತೆಂದು ಇಟ್ಟುಕೊಂಡ ಭಾಗ) ದೊಡ್ಡದಾಗಿ ಕಂಡರೆ ಗಾಬರಿಪಡಬೇಕಿಲ್ಲ, ಬೇಕಾದಾಗ ಅದರ ಬಹುಪಾಲನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ಬಿಟ್ಟುಕೊಡುತ್ತದೆ, ನೋಡಬೇಕಾದದ್ದು ಇನ್ನೆಷ್ಟು ಮೆಮೊರಿ ಸಿಗಬಹುದೆಂದು ತೋರಿಸುವ ‘ಅವೈಲಬಲ್’ ಕಾಲಂ ಎಂದು ವಿವರಿಸಿದರು. ನಮ್ಮಲ್ಲಿ ಅದೇ ತಳ ಕಂಡಿತ್ತು. ಆದರೆ ಪ್ರತಿ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಬಳಸುವ ಮೆಮೊರಿಯನ್ನು ತೋರಿಸುವ ‘ಟಾಪ್’ನಲ್ಲಿ ಎಲ್ಲ ಪ್ರಾಸೆಸ್‌ಗಳನ್ನು ಕೂಡಿದರೂ ಸುಮಾರು 10 ಜಿಬಿ ದಾಟುತ್ತಿರಲಿಲ್ಲ. ನನಗೆ ಮೆಚ್ಚುಗೆಯಾದದ್ದು ಇಲ್ಲಿ ಅವರು ಮಾಡಿದ ತರ್ಕ: ಹಲವು ಪ್ರಾಸೆಸ್‌ಗಳು ಹಂಚಿಕೊಂಡ ಪುಟಗಳು (ಮೆಮೊರಿಯ ತುಣುಕುಗಳು) ಹೀಗೆ ಕೂಡುವಾಗ ಮತ್ತೆ ಮತ್ತೆ ಎಣಿಕೆಯಾಗುವುದರಿಂದ ಮೊತ್ತ ನಿಜಕ್ಕಿಂತ ಹೆಚ್ಚೇ ಬರಬೇಕು, ಆ ಮೊತ್ತವೂ ಬಳಕೆಯಾದ ಮೆಮೊರಿಗಿಂತ ಕಡಿಮೆ ಬಿದ್ದರೆ ಉಳಿದದ್ದನ್ನು ಪ್ರಾಸೆಸ್‌ಗಳ ಹೊರಗೇ ಹುಡುಕಬೇಕು.

ಮೆಮೊರಿಯಲ್ಲೇ ಕಡತ ಇಡುವ ಟಿಎಂಪಿಎಫ್‌ಎಸ್‌ನಲ್ಲಿ ದೊಡ್ಡ ಕಡತಗಳಿರಲಿಲ್ಲ, ಕರ್ನೆಲ್‌ನ ಸ್ಲ್ಯಾಬ್ (ಅದು ತನ್ನ ಕೆಲಸಕ್ಕೆ ಬಳಸುವ ಮೆಮೊರಿ) ಕೂಡ ಸಾಧಾರಣವಾಗಿತ್ತು. ಕೊನೆಗೆ ಮೆಮೊರಿಯ ವಿವರ ತೋರಿಸುವ ಮೆಮ್‌ಇನ್ಫೋ ಕಡತದಲ್ಲಿ ಸಿಕ್ಕಿದ್ದು 2 ಎಂಬಿ ಗಾತ್ರದ 8,192 ಹ್ಯೂಜ್ ಪೇಜ್‌ಗಳು (ದೊಡ್ಡ ಪುಟಗಳು), ಅಂದರೆ 16 ಜಿಬಿ, ಅಷ್ಟೂ ಖಾಲಿ. ಹಿಂದೆ ಇದೇ ಯಂತ್ರದಲ್ಲಿದ್ದ ಡೇಟಾಬೇಸ್‌ಗಾಗಿ ಕಾಯ್ದಿರಿಸಿದ್ದ ಆ ಜಾಗ, ಡೇಟಾಬೇಸ್ ಬೇರೆ ಸರ್ವರ್‌ಗೆ ಹೋದ ಮೇಲೂ ಹಾಗೇ ಉಳಿದಿತ್ತು. ಇಂಥ ಪುಟಗಳನ್ನು ಯಾರೂ ಬಳಸದಿದ್ದರೂ ಕರ್ನೆಲ್ ಬೇರೆಯವರಿಗೆ ಕೊಡುವುದಿಲ್ಲ, ಸ್ವಾಪ್‌ಗೂ ಹಾಕುವುದಿಲ್ಲ. ಸಿಸ್‌ಸಿಟಿಎಲ್ ಸಂರಚನೆಯಲ್ಲೇ (ಸರ್ವರ್ ಶುರುವಾದಾಗಲೆಲ್ಲ ಅನ್ವಯವಾಗುವ ಕರ್ನೆಲ್ ಸೆಟ್ಟಿಂಗ್) ಬರೆದಿಟ್ಟಿದ್ದರಿಂದ ರೀಸ್ಟಾರ್ಟ್ ಮಾಡಿದರೂ ಮತ್ತೆ ಅಷ್ಟೇ ಮೆಮೊರಿ ಹೋಗುತ್ತಿತ್ತು. ಯಾವ ತಂತ್ರಾಂಶಕ್ಕೂ ಅದರ ಅಗತ್ಯವಿಲ್ಲವೆಂದು ನಮ್ಮಿಂದ ಖಚಿತಪಡಿಸಿಕೊಂಡ ಮೇಲೆಯೇ ಅವರು ಕಾಯ್ದಿರಿಸಿದ ಪುಟಗಳ ಸಂಖ್ಯೆಯನ್ನು ಸೊನ್ನೆಗೆ ಇಳಿಸಿದರು. ಸರ್ವರ್ ನಿಲ್ಲಿಸದೆಯೇ ಮೆಮೊರಿ ಮರಳಿತು. ಹೊಸ ರ‍್ಯಾಮ್‌ನ ಮಾತು ಅಲ್ಲಿಗೇ ಮುಗಿಯಿತು.

ಕೊರತೆಗಳೂ ಇವೆ. ಲಿಖಿತ ವರದಿಗೆ ಹಲವು ಬಾರಿ ನೆನಪಿಸಬೇಕಾಯಿತು. ಬಂದ ವರದಿ ಅಚ್ಚುಕಟ್ಟಾಗಿದ್ದರೂ ಗುಮಾಸ್ತರಿಗೆ ಅರ್ಥವಾಗುವ ಭಾಷೆಯಲ್ಲಿಲ್ಲ. ಶುಲ್ಕ ಅಗ್ಗವಲ್ಲ, ಮಂಡ್ಯಕ್ಕೆ ಬಂದುಹೋಗುವ ಖರ್ಚು ಬೇರೆ. ಮೆಮೊರಿಯ ಮೇಲೆ ನಿತ್ಯ ನಿಗಾ ಇಡುವ ವ್ಯವಸ್ಥೆ ಅವರ ಸಾಮಾನ್ಯ ಒಪ್ಪಂದದಲ್ಲಿ ಸೇರಿಲ್ಲ, ಭಾನುವಾರ ಫೋನ್ ಎತ್ತುವುದೂ ಇಲ್ಲ. ರಜೆಯ ದಿನವೂ ವಹಿವಾಟು ನಡೆಸುವವರು ಇದನ್ನು ಮೊದಲೇ ಮಾತನಾಡಿಕೊಳ್ಳಬೇಕು.