ಒಂದೇ ಹೊಲ, ಎರಡು ಕೊಳವೆಬಾವಿ: ಲೈನ್ ಕರೆಂಟೋ, ಸೋಲಾರೋ?

ನಮ್ಮ ಹೊಲ ಶಿರಾ ತಾಲ್ಲೂಕಿನಲ್ಲಿದೆ. ಎರಡು ಕೊಳವೆಬಾವಿ, ಎರಡಕ್ಕೂ 5 ಎಚ್‌ಪಿ ಮೋಟಾರ್. ಮನೆ ಪಕ್ಕದ್ದು ಲೈನ್ ಕರೆಂಟಿನದು. ಆಚೆ ತುದಿಗೆ ಟಿಸಿ (ಟ್ರಾನ್ಸ್‌ಫಾರ್ಮರ್) ದೂರ, ಹಾಗಾಗಿ ಅಲ್ಲಿ ಸೋಲಾರ್ ಪಂಪಿಗೆ ಸಬ್ಸಿಡಿ ಕೊಡುವ ಕುಸುಮ್ ಯೋಜನೆಯಲ್ಲಿ ಸೋಲಾರ್ ಹಾಕಿಸಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸೋಲಾರೇ ಇಷ್ಟ.

ಲೈನ್ ಕರೆಂಟಿಗೆ ಬಿಲ್ ಇಲ್ಲ. 10 ಎಚ್‌ಪಿವರೆಗೆ ಸರ್ಕಾರವೇ ಭರಿಸುತ್ತದೆ. ಆದರೆ ಮೋಟಾರ್ ಓಡಿಸಲು ಬೇಕಾದ ತ್ರೀಫೇಸ್ ಕರೆಂಟ್ ಸಿಗುವುದು ದಿನಕ್ಕೆ 7 ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಹಾವು, ಕರಡಿ ಭಯಕ್ಕೆ ಎಲ್ಲರೂ ಸ್ಟಾರ್ಟರ್‌ಗೆ ಆಟೋ (ಕರೆಂಟ್ ಬಂದರೆ ತಾನೇ ಮೋಟಾರ್ ಆನ್ ಮಾಡುವ ಸಾಧನ) ಹಾಕಿ ಮಲಗುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ. ಕರೆಂಟ್ ಬಂದ ಕೂಡಲೇ ಒಂದೇ ಟಿಸಿಯ ಮೋಟಾರ್‌ಗಳೆಲ್ಲ ಒಟ್ಟಿಗೆ ಆನ್ ಆಗುತ್ತವೆ. ಶುರುವಾಗುವಾಗ ಮೋಟಾರ್ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಬೀಳುತ್ತದೆ, ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಬಿಸಿಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ನನ್ನದು ಹೀಗೇ ಸುಟ್ಟುಹೋಯಿತು. ಮೋಟಾರ್ ಇದ್ದದ್ದು 300 ಅಡಿಯಲ್ಲಿ. ಅಂದರೆ 20 ಅಡಿಯ 15 ಪೈಪು. ಒಂದೊಂದೇ ಎತ್ತಿ ಬಿಚ್ಚಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಒಂದೊಂದೇ ಜೋಡಿಸಿ ಇಳಿಸಬೇಕು. ಎತ್ತುವವರು ಸಿಗಲು 4 ದಿನ, ರಿಪೇರಿಗೆ 5 ದಿನ. ಅಷ್ಟರಲ್ಲಿ ಟೊಮೆಟೊ ಹೂವೆಲ್ಲ ಉದುರಿಹೋಗಿತ್ತು. ಆ ಒಂಬತ್ತು ದಿನ ಇನ್ನೂ ಮರೆತಿಲ್ಲ.

ಆಟೋ ಇದ್ದರೆ ಗಿಡಕ್ಕೆ ಬೇಡದಿದ್ದರೂ ನೀರು ಸುಮ್ನೆ ಓಡುತ್ತದೆ. 5 ಎಚ್‌ಪಿಗೆ ಗಂಟೆಗೆ ಸುಮಾರು 4 ಯೂನಿಟ್, 7 ಗಂಟೆಗೆ 28. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಹತ್ತಿರಹತ್ತಿರ 20 ಕೆಜಿ ಆಯಿತು. ಆ ಹೊಗೆ ನಮ್ಮ ಹೊಲದಲ್ಲಿ ಕಾಣುವುದಿಲ್ಲ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಸ್ಥಾವರಗಳಲ್ಲಿ ಏಳುತ್ತದೆ. ಪಕ್ಕದಲ್ಲೇ ಪಾವಗಡದ ಸೋಲಾರ್ ಪಾರ್ಕ್ ಇದ್ದರೂ ರಾತ್ರಿ ಕರೆಂಟಿನಲ್ಲಿ ಅಲ್ಲಿನ ಬಿಸಿಲಿನ ಪಾಲು ಇರುವುದಿಲ್ಲ ಅಲ್ವಾ?

ಹೊಂಡದಿಂದ ನೀರೆತ್ತಲು ಒಮ್ಮೆ ಡೀಸೆಲ್ ಇಂಜಿನ್ ಬಾಡಿಗೆಗೆ ತಂದಿದ್ದೆ. ಲೀಟರ್ ಡೀಸೆಲ್ ಉರಿದರೆ 2.7 ಕೆಜಿ ಇಂಗಾಲದ ಡೈಆಕ್ಸೈಡ್. ಖರ್ಚೂ ಜಾಸ್ತಿ. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ಸೋಲಾರ್ ಮೋಟಾರ್ ಬಿಸಿಲು ಏರಿದಂತೆ ನಿಧಾನವಾಗಿ ವೇಗ ಹಿಡಿಯುತ್ತದೆ. ಮೋಡ ಬಂದರೆ ನೀರು ಸಣ್ಣಗಾಗುತ್ತದೆ ಅಷ್ಟೆ. ಆಷಾಢದಲ್ಲಿ ಮಾತ್ರ ಕಷ್ಟ, ಡ್ರಿಪ್‌ನ ಕೊನೆ ಸಾಲಿಗೆ ನೀರು ಮುಟ್ಟುವುದಿಲ್ಲ. ಅದಕ್ಕೇ ಬಿಸಿಲಿರುವಾಗ ಕೃಷಿ ಹೊಂಡ ತುಂಬಿಸಿಟ್ಟುಕೊಳ್ಳುತ್ತೇನೆ. ವಾರಕ್ಕೊಮ್ಮೆ ಪ್ಯಾನೆಲ್ ಧೂಳು ಒರೆಸಬೇಕು.

ಸೋಲಾರ್ ಪಂಪಿನ ಖರ್ಚಿನಲ್ಲಿ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ಉಳಿದ ಶೇ 20 ನನ್ನ ಕೈಯಿಂದ. ಸಬ್ಸಿಡಿ ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ನಾನು ಹಾಕುವುದು ತರಕಾರಿ, ಅದೂ ಡ್ರಿಪ್‌ನಲ್ಲಿ. ಭತ್ತ, ಕಬ್ಬು ಹಾಕುವವರಿಗೆ ಇಷ್ಟು ನೀರು ಸಾಲದು. ರಾತ್ರಿ ಒಂಬತ್ತಕ್ಕೆ ಮಲಗುವ ನನಗೆ ಹಗಲಿನ ನೀರೇ ಸರಿ.

ಮನೆ ಪಕ್ಕದ ಲೈನ್ ತೆಗೆಸಿಲ್ಲ. ಆಟೋ ಮಾತ್ರ ಬಿಚ್ಚಿಟ್ಟಿದ್ದೇನೆ. ಹಗಲು ಕರೆಂಟ್ ಬಂದಾಗ ಮೀಟರಿನಲ್ಲಿ ವೋಲ್ಟೇಜ್ ನೋಡಿ ನಾನೇ ಸ್ಟಾರ್ಟರ್ ಒತ್ತುತ್ತೇನೆ.