ಡಿಜಿಟಿ 3000 ಗಡಿಯಾರ: ಆರ್ಬಿಟರ್ ಕಂಡಂತೆ

ಇಬ್ಬರ ಸಮಯವನ್ನೂ ಬೇರೆಬೇರೆಯಾಗಿ ಎಣಿಸುವ ಚೆಸ್ ಗಡಿಯಾರವನ್ನು ಕೊಳ್ಳುವವರು ಆಟಗಾರರು, ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು. ಅದು ಕೈಕೊಟ್ಟಾಗ ಓಡಿ ಬರಬೇಕಾದವರು ನಾವು, ಆರ್ಬಿಟರ್‌ಗಳು, ಅಂದರೆ ಪಂದ್ಯದ ತೀರ್ಪುಗಾರರು. ಜಿಲ್ಲಾ ಮಟ್ಟದ ಪಂದ್ಯಾವಳಿಗಳೆಂದರೆ ಬಹುಮಟ್ಟಿಗೆ ಕಲ್ಯಾಣ ಮಂಟಪದ ಊಟದ ಹಾಲ್‌ಗಳೇ. ಅಲ್ಲಿ ಮೇಜುಗಳ ನಡುವೆ ನಡೆದಾಡಿ ಕಾಲು ನೋಯಿಸಿಕೊಂಡವಳು ನಾನು. ಯಾವ ಗಡಿಯಾರ ಕೊಳ್ಳಲಿ ಎಂದು ಕೇಳುವವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ: ಕೈಯಲ್ಲಿ ದುಡ್ಡಿದ್ದರೆ ಡಿಜಿಟಿ 3000, ಇಲ್ಲದಿದ್ದರೆ ಅದೇ ಕಂಪನಿಯ ಹಳೆಯ ಮಾದರಿ 2010.

‘ಬೋರ್ಡ್ ಮತ್ತು ಗಡಿಯಾರವನ್ನು ಆಟಗಾರರೇ ತರಬೇಕು’ ಎಂಬ ಸಾಲು ನಮ್ಮ ಸುತ್ತೋಲೆಗಳಲ್ಲಿ ತಪ್ಪುವುದಿಲ್ಲ. ಹಾಗಾಗಿ ಒಂದೇ ಹಾಲ್‌ನಲ್ಲಿ ಬಗೆಬಗೆಯ ಗಡಿಯಾರಗಳು ಸೇರುತ್ತವೆ. ಮೊದಲ ಸುತ್ತು ಆರಂಭವಾಗುವ ಮುನ್ನ ಅರ್ಧ ಗಂಟೆ ಅವುಗಳಿಗೆ ಸಮಯ ತುಂಬುವುದರಲ್ಲೇ ಹೋಗುತ್ತದೆ. ಅಗ್ಗದವುಗಳಲ್ಲಿ ಸಮಯ ತುಂಬುವ ರೀತಿ ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ. ಕೊಂಡಾಗ ಸಿಕ್ಕ ಕಾಗದ ಮನೆಯಲ್ಲೇ ಉಳಿದಿರುತ್ತದೆ. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆ ಊರಿನ ಡಿಜಿಟಿ ಕಂಪನಿಯವರು ಆ ಕಾಗದವನ್ನು ಗಡಿಯಾರದ ಹೊಟ್ಟೆಗೇ ಅಂಟಿಸಿದ್ದಾರೆ. ಮಗುಚಿ ನೋಡಿದರೆ ಸಮಯ ನಿಯಂತ್ರಣಗಳ, ಅಂದರೆ ಆಟಕ್ಕೆ ಎಷ್ಟು ಸಮಯ ಎಂಬ ಬಗೆಗಳ ಪಟ್ಟಿ. ಬೇಕಾದ ಸಂಖ್ಯೆ ಆರಿಸಿದರೆ ಮುಗಿಯಿತು. ಪಟ್ಟಿಯಲ್ಲಿ ಇಲ್ಲದ್ದನ್ನು ನಾವೇ ಹೊಂದಿಸಿ ನೆನಪಿನಲ್ಲಿ ಉಳಿಸಲೂಬಹುದು. ಅಕ್ಷರಗಳು ಮಾತ್ರ ಇರುವೆಯಷ್ಟು. ಕನ್ನಡಕ ಮರೆತ ದಿನ ಹತ್ತಿರದಲ್ಲಿದ್ದ ಹುಡುಗನಿಂದ ಓದಿಸಿಕೊಳ್ಳುತ್ತೇನೆ.

2010ಕ್ಕೂ 3000ಕ್ಕೂ ನಡುವಿನ ಬೆಲೆಯ ಅಂತರ ಏಕೆ ಎಂದರೆ, ನನ್ನ ಲೆಕ್ಕದಲ್ಲಿ ಅದು ಸೆಕೆಂಡುಗಳಿಗಾಗಿ. 2010ರಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಉಳಿದಿರುವಾಗ ಗಂಟೆ ಮತ್ತು ನಿಮಿಷ ಮಾತ್ರ ಕಾಣುತ್ತವೆ. 3000ರಲ್ಲಿ ಗಂಟೆ, ನಿಮಿಷ, ಸೆಕೆಂಡು ಮೂರೂ ಮೊದಲಿನಿಂದಲೇ ಕಾಣುತ್ತವೆ. ಇದು ಶೋಕಿಯ ವಿಷಯವಲ್ಲ. 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರ್ಪಡೆ ಎಂಬ ಪಂದ್ಯ ಎಂದಿಟ್ಟುಕೊಳ್ಳಿ. ಮೊದಲ ನಡೆಯ ಸೇರ್ಪಡೆಯೂ ಸೇರಿ 3000ರ ಪರದೆ 1:30:30 ಎಂದು ತೋರಿಸುತ್ತದೆ. ದೂರದಿಂದ ಕಣ್ಣು ಹಾಯಿಸಿದರೂ ಸರಿಯಾಗಿ ತುಂಬಿದ್ದಾರೆಂದು ಗೊತ್ತಾಗುತ್ತದೆ. 2010ರಲ್ಲಿ ತಪ್ಪು ಸಂಖ್ಯೆ ಆರಿಸಿ ಸೇರ್ಪಡೆಯೇ ಬಾರದಿದ್ದರೂ ಪರದೆ ಸುಮ್ಮನೆ 1:30 ಎನ್ನುತ್ತಿರುತ್ತದೆ. ಇಬ್ಬರೂ ಗಂಟೆಗಟ್ಟಲೆ ಆಡಿ, ಸಮಯ ಇಪ್ಪತ್ತು ನಿಮಿಷದ ಕೆಳಗಿಳಿದಾಗ ಒಬ್ಬರು ಕೈ ಎತ್ತುತ್ತಾರೆ: ‘ಮೇಡಂ, ಸೆಕೆಂಡು ಸೇರುತ್ತಿಲ್ಲ.’ ಆಮೇಲೆ ಎಷ್ಟು ನಡೆ ಆಡಿದ್ದಾರೆ ಎಂದು ಇಬ್ಬರೂ ನಡೆ ಬರೆದ ಹಾಳೆಗಳಲ್ಲಿ ಎಣಿಸಿ, ಗುಣಿಸಿ, ಇಬ್ಬರಿಗೂ ಸಮಯ ಕೂಡಿಸಬೇಕು. ಅಕ್ಕಪಕ್ಕದ ನಾಲ್ಕು ಬೋರ್ಡ್‌ಗಳ ಮಕ್ಕಳು ತಮ್ಮ ಆಟ ಬಿಟ್ಟು ಇದನ್ನೇ ನೋಡುತ್ತಾರೆ.

ನಡೆ ಮುಗಿಸಿ ಒತ್ತಲು ಮೇಲಿರುವ ಒಂದೇ ಉದ್ದನೆಯ ಸನ್ನೆಯೂ (ಲಿವರ್) ನನಗೆ ಇಷ್ಟ. ಒಂದು ಬದಿ ಒತ್ತಿದರೆ ಇನ್ನೊಂದು ಏಳುತ್ತದೆ, ಏತದ ಹಾಗೆ. ಸಾಲಿನ ತುದಿಯಲ್ಲಿ ನಿಂತರೆ ಯಾರ ಬದಿ ಮೇಲಿದೆ, ಯಾರ ಸರದಿ ಎಂಬುದು ಕಾಣುತ್ತದೆ. ಮೆಲ್ಲಗೆ ತಾಗಿಸಿದರೂ ಸಾಕು. ಆದರೂ ಗುದ್ದುವವರು ಗುದ್ದುತ್ತಾರೆ. ಬಲವಾಗಿ ಒತ್ತುವುದು, ಎತ್ತುವುದು, ಬೀಳಿಸುವುದು, ನಡೆಗೆ ಮೊದಲೇ ಒತ್ತುವುದು ಇವೆಲ್ಲ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ನಿಷಿದ್ಧ. ಗಡಿಯಾರದ ಮೇಲೆ ಬೆರಳಿಟ್ಟು ಕಾಯುವುದೂ ಅಷ್ಟೇ. ಕಾಯಿ ಸರಿಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ಎಡಗೈಯಲ್ಲಿ ಕುದುರೆ, ಬಲಗೈಯಲ್ಲಿ ಸನ್ನೆ ಎಂಬ ಕಲೆಯನ್ನು ಮಕ್ಕಳು ಎಲ್ಲಿ ಕಲಿಯುತ್ತಾರೋ! ರಾಜನನ್ನು ಒಂದು ಕೈಯಲ್ಲಿ, ಆನೆಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಕ್ಯಾಸ್ಲಿಂಗ್ (ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿ ಗಡಿಯಾರ ಒತ್ತಿದರೆ ಅದನ್ನು ಕಾನೂನುಬಾಹಿರ ನಡೆ ಎಂದೇ ಪರಿಗಣಿಸುತ್ತೇವೆ. ಮೊದಲ ಸಲವಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ, ಕೆಲವೇ ನಿಮಿಷಗಳ ಮಿಂಚಿನ ಆಟವಾದ ಬ್ಲಿಟ್ಜ್‌ನಲ್ಲಿ ಒಂದು ನಿಮಿಷ. ಎರಡನೆಯ ಸಲವಾದರೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಆ ಎರಡು ನಿಮಿಷ ಸೇರಿಸುವಾಗಲೇ ಈ ಗಡಿಯಾರದ ಮೇಲೆ ನನಗೆ ಸಿಟ್ಟು ಬರುವುದು. ನಿಲ್ಲಿಸಿ, ಮಧ್ಯದ ಗುಂಡಿಯನ್ನು ಒತ್ತಿ ಹಿಡಿದರೆ ಅಂಕಿ ಮಿನುಗತೊಡಗುತ್ತದೆ. ಅಲ್ಲಿಂದ ಒಂದೊಂದೇ ಅಂಕಿ ದಾಟಿಕೊಂಡು ಹೋಗಬೇಕು, ಬದಲಿಸಬೇಕಾದದ್ದು ಒಂದೇ ಆಗಿದ್ದರೂ. ಗಡಿಬಿಡಿಯಲ್ಲಿ ಬೇರೆ ಅಂಕಿ ಬದಲಾದರೆ ಹಿಂದಿನದು ಎಷ್ಟಿತ್ತೆಂದು ನೆನಪಿರಬೇಕು. ಹೊಸದಾಗಿ ಆರ್ಬಿಟರ್ ಆದವರಿಗೆ ನನ್ನ ಸಲಹೆ: ಮುಟ್ಟುವ ಮೊದಲು ಇಬ್ಬರ ಸಮಯವನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಅದೇ ಮಧ್ಯದ ಗುಂಡಿ ಆಟಗಾರರಿಗೂ ಬೇಕಾಗುವ ಒಂದು ಸಂದರ್ಭವಿದೆ. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಕಾಲಾಳು ಕೊನೆಯ ಮನೆ ಮುಟ್ಟಿದೆ, ಮಂತ್ರಿ ಬೇಕು, ಮೇಜಿನ ಮೇಲೆ ಇನ್ನೊಂದು ಮಂತ್ರಿ ಇಲ್ಲ. ಮನೆಯಲ್ಲಿ ಮಾಡುವಂತೆ ಆನೆಯನ್ನು ತಲೆಕೆಳಗಾಗಿ ಇಟ್ಟು ‘ಇದು ಮಂತ್ರಿ’ ಎಂದು ಗಡಿಯಾರ ಒತ್ತುತ್ತಾರೆ. ಪಂದ್ಯದಲ್ಲಿ ಅದು ಆನೆಯೇ. ಒಬ್ಬ ಹುಡುಗಿ ಇದನ್ನು ಕೇಳಿ ನನ್ನ ಮುಖವನ್ನೇ ನೋಡುತ್ತ ಕಣ್ಣು ತುಂಬಿಕೊಂಡಳು. ನಿಯಮ ಬದಲಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಾಡಬೇಕಾದದ್ದು ಇಷ್ಟೇ: ಗಡಿಯಾರ ನಿಲ್ಲಿಸಿ, ಕೈ ಎತ್ತಿ, ಮಂತ್ರಿ ಕೇಳುವುದು. ಡಿಜಿಟಿಯಲ್ಲಿ ನಿಲ್ಲಿಸುವ ಗುಂಡಿ ಕಣ್ಣೆದುರೇ ಇದೆ. ಅವಳ ಮೇಜಿನಲ್ಲಿದ್ದ ಅಗ್ಗದ ಗಡಿಯಾರದಲ್ಲಿ ಅದು ಎಲ್ಲಿದೆ ಎಂದು ಹುಡುಕಲು ನನಗೂ ಹೊತ್ತು ಹಿಡಿಯಿತು.

ನಿಲ್ಲಿಸುವುದು ತಿಳಿದಿದ್ದರೆ ಸಾಲದು, ಯಾವಾಗ ಎಂಬುದೂ ಗೊತ್ತಿರಬೇಕು. 2017ರಲ್ಲಿ ರಿಯಾದ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್‌ನಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಎರ್ನೆಸ್ಟೊ ಇನಾರ್ಕಿಯೆವ್ ತಾನು ಚೆಕ್‌ನಲ್ಲಿರುವಾಗಲೇ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಚೆಕ್ ಕೊಟ್ಟರು. ತನ್ನ ಚೆಕ್ ತಪ್ಪಿಸದ ಆ ನಡೆಯೇ ಕಾನೂನುಬಾಹಿರ, ಆದರೆ ಕಾರ್ಲ್‌ಸನ್ ಅದನ್ನು ಎತ್ತಿ ಹೇಳದೆ ರಾಜನನ್ನು ಸರಿಸಿದರು. ತಕ್ಷಣ ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿ, ಕಾರ್ಲ್‌ಸನ್‌ರದೇ ತಪ್ಪು ನಡೆ ಎಂದು ವಾದಿಸಿದರು. ಮೊದಲು ಗೆಲುವು ಅವರಿಗೇ ಸಿಕ್ಕಿತು. ಮುಖ್ಯ ಆರ್ಬಿಟರ್ ಅದನ್ನು ತಳ್ಳಿಹಾಕಿ ಆಟ ಮುಂದುವರಿಸಿ ಎಂದಾಗ ಇನಾರ್ಕಿಯೆವ್ ಒಪ್ಪಲಿಲ್ಲ, ಪಾಯಿಂಟ್ ಕಾರ್ಲ್‌ಸನ್‌ಗೆ ಹೋಯಿತು. ಅಷ್ಟು ದೊಡ್ಡವರೇ ಹೀಗೆ ಮಾಡಿದ ಮೇಲೆ ಹತ್ತು ವರ್ಷದ ಮಕ್ಕಳನ್ನು ಗದರಿಸಲು ನನಗೆ ನಾಲಿಗೆ ಏಳುವುದಿಲ್ಲ.

ಉಳಿದ ದೂರುಗಳು ಸಣ್ಣವು. ಎರಡು ಎಎ ಬ್ಯಾಟರಿ ಬಹುಕಾಲ ಬರುತ್ತವೆ, ಆದರೆ ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ತೆಗೆದಿಡಿ. ಸೋರಿದರೆ ದುಬಾರಿ ವಸ್ತು ಹಾಳು. ಆನ್ ಆಫ್ ಗುಂಡಿ ಅಡಿಯಲ್ಲಿರುವುದರಿಂದ ಆಟದ ನಡುವೆ ಆರಿಹೋಗುವ ಭಯವಿಲ್ಲ. ಆಮದು ವಸ್ತುವಾದ್ದರಿಂದ ಇದೊಂದರ ಬೆಲೆಗೆ ಸ್ಥಳೀಯವಾಗಿ ಸಿಗುವ ಎರಡು ಮೂರು ಗಡಿಯಾರ ಬರುತ್ತವೆ ಎಂಬುದು ನಿಜ. ಮನೆಯಲ್ಲಿ ಅಣ್ಣ ತಂಗಿ ಆಡಿಕೊಳ್ಳಲು ಆ ಅಗ್ಗದ್ದೇ ಧಾರಾಳ. ಮಗು ರೇಟಿಂಗ್ ಪಂದ್ಯಗಳಿಗೆ ಹೋಗುವ ಹಂತಕ್ಕೆ ಬಂದಿದ್ದರೆ ಇದನ್ನು ಕೊಂಡು, ಮೊದಲ ಪಂದ್ಯಕ್ಕೆ ಮುನ್ನ ಸಮಯ ತುಂಬುವುದನ್ನೂ ನಿಲ್ಲಿಸುವುದನ್ನೂ ಮಗುವಿನ ಕೈಯಿಂದಲೇ ಮಾಡಿಸಿ. ಗಡಿಯಾರದ ಹಿಂಭಾಗಕ್ಕೆ ಹೆಸರು ಬರೆದ ಚೀಟಿ ಅಂಟಿಸಿ. ಬಹುಮಾನ ವಿತರಣೆಯ ನಂತರ ನನ್ನ ಮೇಜಿನ ಮೇಲೆ ಉಳಿಯುವ ಅನಾಥ ಗಡಿಯಾರಗಳೆಲ್ಲ ನೋಡಲು ಒಂದೇ ತರಹ.