ಟಿಟಿಗೆ ಟಚ್‌ಸ್ಕ್ರೀನ್: ಒಂದು ಅಂಗಡಿ, ಒಂದು ಶೆಡ್

ನನ್ನ ಕಾರು 2010ರ ಆಡಿ ಟಿಟಿ. ಕೆಂಪು ಬಣ್ಣ, ಎರಡೇ ಬಾಗಿಲು. ಹಿಂದೆಯೂ ಎರಡು ಸೀಟು ಇದೆ ಅಂತ ಲೆಕ್ಕ, ಆದರೆ ಅಲ್ಲಿ ಇದುವರೆಗೆ ಕೂತಿರುವುದು ತರಕಾರಿ ಚೀಲ ಮಾತ್ರ. ಪೀಣ್ಯದಲ್ಲಿ ನಮ್ಮದೊಂದು ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ವರ್ಕ್‌ಶಾಪ್ ಇದೆ, ಅಪ್ಪನ ಕಾಲದ್ದು. ಹಳೆಯ ಗಿರಾಕಿಯೊಬ್ಬರು ಮಂಡಿ ನೋವು ಶುರುವಾಗಿದೆ, ಇಷ್ಟು ಕೆಳಗೆ ಕೂತು ಏಳೋಕಾಗಲ್ಲ ಎಂದು ಈ ಕಾರನ್ನು ಮಾರಲು ಹೊರಟರು. ನಾನು ತೆಗೆದುಕೊಂಡೆ. ಸೋಮವಾರದಿಂದ ಶುಕ್ರವಾರದವರೆಗೆ ಅದು ಬೇಸ್‌ಮೆಂಟಿನಲ್ಲಿ ಮಲಗಿರುತ್ತದೆ. ಹೊರಗೆ ಬರುವುದು ಶನಿವಾರ, ಭಾನುವಾರ. ಇದು ಸ್ವಲ್ಪ ನೆನಪಿರಲಿ, ಎಡವಟ್ಟು ಆಗಿದ್ದೇ ಇದರಿಂದ.

ಓಡಿಸಲು ಕಾರು ಈಗಲೂ ಚಂದ. ಸ್ಟೀರಿಯೋ ಮಾತ್ರ ಅಜ್ಜನ ಕಾಲದ್ದು. ಸಿಡಿ ಹಾಕಬೇಕು, ಇಲ್ಲಾ ಎಫ್‌ಎಂ ಕೇಳಬೇಕು. ಫೋನಿನ ಹಾಡು ಬರಲ್ಲ, ಮ್ಯಾಪ್ ಅಂತೂ ಇಲ್ಲವೇ ಇಲ್ಲ. ಫೋನಿನ ಮ್ಯಾಪು, ಹಾಡುಗಳನ್ನು ಕಾರಿನ ಸ್ಕ್ರೀನಿಗೆ ತರುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ ಲೋಕಕ್ಕೆ ಗೊತ್ತಾಗಿದ್ದೇ 2014ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ತಯಾರಾದ ಕಾರಿನಲ್ಲಿ ಅದನ್ನು ಹುಡುಕುವುದು ನನ್ನದೇ ಅತಿಯಾಸೆ. ಫೋನನ್ನು ಏಸಿ ವೆಂಟಿಗೆ ಸಿಕ್ಕಿಸಿಕೊಂಡು ಎರಡು ವರ್ಷ ತಳ್ಳಿದೆ. ಒಂದು ದಿನ ನೆಲಮಂಗಲದ ಹತ್ತಿರ ಹಂಪ್ ಹಾರಿದಾಗ ಫೋನು ಬಿದ್ದು ಬ್ರೇಕ್ ಪೆಡಲ್ ಪಕ್ಕಕ್ಕೆ ಹೋಯಿತು. ಸಾಕು ಅನ್ನಿಸಿತು.

ಒಂದು ಅನುಕೂಲ ಇತ್ತು. ಈ ಕಾರಿನಲ್ಲಿ ಸ್ಟೀರಿಯೋ ಕೂರುವ ಜಾಗ ಡಬಲ್ ಡಿನ್. ಅಂದರೆ ಸುಮಾರು 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರ. ಡಿನ್ ಎನ್ನುವುದು ಜರ್ಮನಿಯ ಅಳತೆ, ಈಗ ಎಲ್ಲಾ ದೇಶದ ಸ್ಟೀರಿಯೋ ಕಂಪನಿಗಳೂ ಪಾಲಿಸುತ್ತವೆ. ಹಾಗಾಗಿ ಡ್ಯಾಶ್‌ಬೋರ್ಡ್ ಕೊರೆಯುವ ಕೆಲಸ ಇಲ್ಲ. ಏಳು ಇಂಚಿನ ಸ್ಕ್ರೀನು, ಸುತ್ತ ಒಂದು ಪ್ಲಾಸ್ಟಿಕ್ ಫ್ರೇಮು, ಅಷ್ಟೇ. ಜಪಾನ್ ಬ್ರ್ಯಾಂಡಿನ ಒಂದು ಯೂನಿಟ್ ಆರಿಸಿದೆ, 27,500 ರೂಪಾಯಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 50 ವ್ಯಾಟ್ ಇಂಟು ನಾಲ್ಕು, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50, ಎಂದು ಹಾಕಿದ್ದರು. ಒಳಗಿನ ಪುಸ್ತಕದ ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 22 ವ್ಯಾಟ್. ನಿಜವಾದ ಲೆಕ್ಕ ಆ ಎರಡನೆಯದು. ಮಾಮೂಲಿ ಸ್ಪೀಕರಿಗೆ ಅಷ್ಟು ಧಾರಾಳ ಸಾಕು, ಆ ಮಾತು ಬೇರೆ.

ಬೆಂಗಳೂರಿನಲ್ಲಿ ಕಾರಿಗೆ ಏನಾದರೂ ಹಾಕಿಸಬೇಕು ಅಂದರೆ ಎಲ್ಲರ ಬಾಯಲ್ಲೂ ಬರುವುದು ಜೆ.ಸಿ. ರಸ್ತೆ. ನಾನೂ ಅಲ್ಲಿಗೇ ಹೋದೆ. ಟೌನ್ ಹಾಲ್, ರವೀಂದ್ರ ಕಲಾಕ್ಷೇತ್ರ ದಾಟುತ್ತಿದ್ದ ಹಾಗೆ ಫುಟ್‌ಪಾತಿನಿಂದ ಹುಡುಗರು ಕೈ ಬೀಸಲು ಶುರು ಮಾಡುತ್ತಾರೆ. ಸೀಟ್ ಕವರ್ ಮೇಡಂ, ಮ್ಯಾಟ್ ಮೇಡಂ, ಕ್ಯಾಮೆರಾ ಮೇಡಂ. ಒಬ್ಬ ಕಿಟಕಿಗೆ ಬಗ್ಗಿ, ಪಕ್ಕದ ಖಾಲಿ ಸೀಟು ನೋಡಿ, "ಸಾರ್ ಬಂದಿಲ್ವಾ?" ಎಂದು ಕೇಳಿದ. ಸಾರ್ ಇಲ್ಲ ಕಣಪ್ಪ, ಕಾರು ನಂದೇ ಅಂದೆ.

ಒಳಗೆ ಹೋದ ಅಂಗಡಿಯ ಹೆಸರು ಬರೆಯುವುದಿಲ್ಲ. ಕೆಲಸ ಮಾಡಿದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು, ನನ್ನಿಂದ ಅವನ ಸಂಬಳಕ್ಕೆ ಕತ್ತರಿ ಬೀಳುವುದು ಬೇಡ. ಕೈ ಮಾತ್ರ ಚುರುಕು. ಹಳೆಯ ಸ್ಟೀರಿಯೋದ ನಾಲ್ಕು ಮೂಲೆಯಲ್ಲೂ ಸಣ್ಣ ಸೀಳು ಇರುತ್ತದೆ. ನಾಲ್ಕು ಚಪ್ಪಟೆ ಕೀಲಿಗಳನ್ನು ಅದರೊಳಗೆ ತಳ್ಳಿದ, ಟಕ್ ಅಂತು, ಎಳೆದ, ಬಂತು. ಹೊಸದು ಕೂರಿಸಿ, ಸ್ಕ್ರೀನ್ ಬೆಳಗಿಸಿ, ಒಂದು ಹಾಡು ಹಾಕಿ ತೋರಿಸಿದ. ನಲವತ್ತು ನಿಮಿಷ. ಲೇಬರ್ 1,500 ರೂಪಾಯಿ. ರಸ್ತೆ ಬದಿಯಲ್ಲೇ, ಹಿಂದಿನವರ ಹಾರ್ನ್ ಕೇಳುತ್ತಾ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹೊರಡುವಾಗ ಅವನು ಹೇಳಿದ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. "ಮೇಡಂ, ಕೀ ತೆಗೆದ್ರೂ ಇದು ಆಫ್ ಆಗಲ್ಲ. ಇಳಿಯೋಕೆ ಮುಂಚೆ ಈ ಬಟನ್ ಒತ್ತಿ ಹಿಡ್ಕೊಳ್ಳಿ." ವೈರಿನ ಜೊತೆಗೇ ಬೆಳೆದವಳು ನಾನು. ಅಲ್ಲೇ ಅನುಮಾನ ಬರಬೇಕಿತ್ತು. ಹೊಸ ಸ್ಕ್ರೀನಿನ ಹೊಳಪು ನೋಡಿ ಮಂಕಾಗಿಬಿಟ್ಟೆ.

ಭಾನುವಾರ ರಾತ್ರಿ ನಿಲ್ಲಿಸಿದೆ. ಮುಂದಿನ ಶನಿವಾರ ಬೆಳಗ್ಗೆ ಹೋದರೆ ಕಾರು ಹೆಣ. ರಿಮೋಟಿಗೆ ಬಾಗಿಲು ಕೂಡ ತೆರೆಯಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದೆವು. ಬ್ಯಾಟರಿ ಹಳೆಯದಾಗಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಮರುವಾರ ಮತ್ತದೇ ಕಥೆ.

ಆಗ ವರ್ಕ್‌ಶಾಪಿನಿಂದ ಮೀಟರ್ ತಂದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಅಥವಾ ಗೊತ್ತಿರುವವರಿಂದ ಮಾಡಿಸಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮಧ್ಯೆ ಆಂಪ್ ಮೀಟರ್ ಸೇರಿಸಿ, ಕಾರು ಲಾಕ್ ಮಾಡಿ ಅರ್ಧ ಗಂಟೆ ಸುಮ್ನೆ ಕಾಯಬೇಕು. ಈ ಕಾಲದ ಕಾರುಗಳಲ್ಲಿ ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆ ಹೋಗುತ್ತವೆ, ತಕ್ಷಣ ನೋಡಿದರೆ ಲೆಕ್ಕ ತಪ್ಪುತ್ತದೆ. ಎಲ್ಲಾ ಮಲಗಿದ ಮೇಲೆ ಬ್ಯಾಟರಿಯಿಂದ ಹೋಗುವ ಕರೆಂಟ್ 50 ಮಿಲಿಆಂಪಿನ ಒಳಗೆ ಇರಬೇಕು. ನನ್ನ ಮೀಟರಿನಲ್ಲಿ 400. ಸ್ಕ್ರೀನು ಕಪ್ಪಗಿದೆ, ಆದರೆ ಒಳಗೆ ಯೂನಿಟ್ ಎದ್ದೇ ಕೂತಿದೆ. 24 ಗಂಟೆಯ ಲೆಕ್ಕಕ್ಕೆ ದಿನಕ್ಕೆ 9.6 ಆಂಪ್ ಅವರ್ ಬ್ಯಾಟರಿಯಿಂದ ಖಾಲಿ. ಐದೂವರೆ ದಿನಕ್ಕೆ ಸುಮಾರು 53. ನನ್ನ ಬ್ಯಾಟರಿ ಇರುವುದೇ 70. ದಿನಾ ಓಡಿಸುವ ಕಾರಾಗಿದ್ದರೆ ಇದು ಎಷ್ಟೋ ತಿಂಗಳು ಗೊತ್ತೇ ಆಗುತ್ತಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಬ್ಯಾಟರಿ ಬದಲಾಯಿಸಿ ಮೇಡಂ ಅಂದರು. ಇಟ್ಟುಬಿಟ್ಟೆ.

ಪೀಣ್ಯದ ಗೆಳೆಯರೊಬ್ಬರು ಕೊಟ್ಟ ಸುಳಿವಿನಿಂದ ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆಗೆ ಹೋದೆ. ತಗಡಿನ ಶೆಡ್. ಬೋರ್ಡ್ ಇಲ್ಲ. ಒಂದೇ ಕಾರು ನಿಲ್ಲುವಷ್ಟು ಜಾಗ, ಒಬ್ಬರೇ ಮೇಸ್ತ್ರಿ. ಹೆಸರು ಬರೀಬೇಡಿ ಎಂದು ಅವರೇ ಹೇಳಿದ್ದಾರೆ. ಇರುವ ಕೆಲಸವೇ ಮುಗೀತಿಲ್ಲ, ಇನ್ನು ಜನ ಬಂದ್ರೆ ಎಲ್ಲಿ ನಿಲ್ಲಿಸ್ಲಿ ಅಂದರು. ಹಾಗಾಗಿ ಓದುಗರು ಕ್ಷಮಿಸಬೇಕು. ಎರಡು ವಾರ ಕಾದು ಒಂದು ಸೋಮವಾರ ಸಿಕ್ಕಿತು.

ಅವರು ಸ್ಕ್ರೀನ್ ಹೊರಗೆಳೆದು, ಹಿಂದಿನ ವೈರುಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದರು. ಏನೂ ಬೈಯಲಿಲ್ಲ. ಕೆಂಪು ವೈರು, ಹಳದಿ ವೈರು ಎರಡನ್ನೂ ಸೇರಿಸಿ ತಿರುಚಿ ಕಪ್ಪು ಟೇಪ್ ಸುತ್ತಿದ್ದನ್ನು ನನ್ನ ಕಡೆಗೆ ಹಿಡಿದರು, ಅಷ್ಟೇ. ಬಿಸಿಲಿಗೆ ಟೇಪಿನ ಗೋಂದು ಕರಗಿ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಯಾರಾದರೂ ಹೀಗೆ ಜಾಯಿಂಟ್ ಮಾಡಿದ್ದರೆ ಅಪ್ಪ ಆ ದಿನ ಊಟಕ್ಕೂ ಬಿಡುತ್ತಿರಲಿಲ್ಲ.

ವಿಷಯ ಇಷ್ಟು. ಹಳದಿ ವೈರಿಗೆ ಯಾವಾಗಲೂ ಕರೆಂಟ್ ಇರಬೇಕು, ಗಡಿಯಾರ, ಸೆಟ್ಟಿಂಗ್ ನೆನಪಿಡಲು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಹಳೆಯ ಕಾರುಗಳಲ್ಲಿ ಸ್ಟೀರಿಯೋ ಹಿಂದೆ ಈ ಎರಡೂ ವೈರು ಸಿಗುತ್ತವೆ. ಈ ಟಿಟಿಯಲ್ಲಿ ಸ್ಟೀರಿಯೋ ಹಿಂದಿನ ಚೌಕ ಕನೆಕ್ಟರಿನಲ್ಲಿ ಕೆಂಪು ವೈರೇ ಇಲ್ಲ. ಕೀಲಿ ಹಾಕಿದ ಸುದ್ದಿ ಕ್ಯಾನ್ ಬಸ್ ಎಂಬ ಎರಡು ಸಣ್ಣ ವೈರುಗಳಲ್ಲಿ ಸಂದೇಶವಾಗಿ ಬರುತ್ತದೆ. ಕಾರಿನ ಸ್ವಂತ ಸ್ಟೀರಿಯೋಗೆ ಆ ಭಾಷೆ ಗೊತ್ತು, ಹೊರಗಿನಿಂದ ತಂದದ್ದಕ್ಕೆ ಗೊತ್ತಿಲ್ಲ. ಮಧ್ಯೆ ಒಂದು ಡಿಕೋಡರ್ ಡಬ್ಬ ಬೇಕು, ದುಭಾಷಿ ಥರ. ಕೀಲಿ ಹಾಕಿದ ಸಂದೇಶ ಕೇಳಿಸಿಕೊಂಡು ಅದು ಕೆಂಪು ವೈರಿಗೆ 12 ವೋಲ್ಟ್ ಕೊಡುತ್ತದೆ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಕೂಡ ಅದೇ ಡಬ್ಬದಿಂದ ಕೆಲಸ ಮಾಡುತ್ತದೆ. ಜೆ.ಸಿ. ರಸ್ತೆಯ ಹುಡುಗ ಆ ಡಬ್ಬವನ್ನೇ ಬಿಟ್ಟು, ಕೆಂಪನ್ನು ಹಳದಿಗೆ ಗಂಟು ಹಾಕಿದ್ದ. ಯೂನಿಟಿಗೆ ಕಾರು ಯಾವಾಗಲೂ ಆನ್ ಇದೆ ಎಂಬ ಭ್ರಮೆ.

ಡಿಕೋಡರ್ 8,000. ಮೇಸ್ತ್ರಿ ಕೂಲಿ 4,500. ಸಂಜೆ ನಾಲ್ಕಕ್ಕೆ ಬನ್ನಿ ಅಂದರು. ಹತ್ತಿರದಲ್ಲೇ ಡಬಲ್ ರೋಡ್ ಗೇಟಿನಿಂದ ಲಾಲ್‌ಬಾಗ್ ಒಳಗೆ ಹೋಗಿ, ನಿಧಾನಕ್ಕೆ ಸುತ್ತಿ, ಎಂಟಿಆರ್‌ನಲ್ಲಿ ಊಟ ಮಾಡೋಣ ಎಂದು ಆ ಕಡೆ ಹೊರಬಿದ್ದೆ. ಸೋಮವಾರ ಎಂಟಿಆರ್‌ಗೆ ರಜೆ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದು ಅದೂ ಮರೆತಿದ್ದೆ. ಯಾವುದೋ ದರ್ಶಿನಿಯಲ್ಲಿ ರೈಸ್‌ಬಾತ್ ತಿಂದು ವಾಪಸ್ ಬಂದೆ. ಕೆಲಸ ಇನ್ನೂ ಅರ್ಧ ಆಗಿತ್ತು. ನನಗೆ ಒಳ್ಳೆಯದೇ ಆಯಿತು, ಸ್ಟೂಲ್ ಹಾಕಿಕೊಂಡು ನೋಡಿದೆ.

ಒಂದೊಂದು ವೈರನ್ನೂ ಬಿಚ್ಚಿ, ತುದಿ ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಗಾಳಿ ಕೊಡುತ್ತಿದ್ದರು. ಸ್ಲೀವ್ ಚರ್ಮದ ಹಾಗೆ ಮುದುಡಿ ವೈರಿಗೆ ಅಂಟಿಕೊಳ್ಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗುವುದಿಲ್ಲ. ಆಮೇಲೆ ಇಡೀ ಕಟ್ಟಿಗೆ ಬಟ್ಟೆಯ ಟೇಪ್. ಪ್ಲಾಸ್ಟಿಕ್ ಟೇಪ್ ಸುತ್ತಿದರೆ ನಮ್ಮ ರಸ್ತೆಗಳಲ್ಲಿ ಡ್ಯಾಶ್‌ಬೋರ್ಡ್ ಒಳಗಿಂದ ಕಟಕಟ ಸದ್ದು ಬರುತ್ತದಂತೆ. ಗಟ್ಟಿ ಸಸ್ಪೆನ್ಷನ್ನಿನ ಕಾರಿಗೆ ಇದು ಸಣ್ಣ ಮಾತಲ್ಲ.

ನಾನು ಕೇಳದೇ ಇನ್ನೂ ಎರಡು ಸರಿ ಮಾಡಿದರು. ಮೊದಲನೆಯದು ಎಫ್‌ಎಂ. ಈ ಕಾರಿನ ಆಂಟೆನಾಗೆ ಒಂದು ಪುಟ್ಟ ಬೂಸ್ಟರ್ ಇದೆ, ಅದಕ್ಕೆ ಆಂಟೆನಾ ಕೇಬಲ್ಲಿನಲ್ಲೇ ಕರೆಂಟ್ ಹೋಗಬೇಕು. ಮೊದಲ ಅಂಗಡಿಯವರು ಮಾಮೂಲಿ ಪಿನ್ ಚುಚ್ಚಿದ್ದರು. ಹಾಗಾಗಿ ನಮ್ಮ 101.3, ಕನ್ನಡ ಕಾಮನಬಿಲ್ಲು, ಒಗ್ಗರಣೆ ಹಾಕಿದಂತೆ ಚರಚರ ಅನ್ನುತ್ತಿತ್ತು. ಕರೆಂಟ್ ಕೊಡುವ ಅಡಾಪ್ಟರ್ ಹಾಕಿದ ಮೇಲೆ ಹನಿ ಬಿದ್ದ ಹಾಗೆ ಸ್ವಚ್ಛ. ಎರಡನೆಯದು ಹ್ಯಾಂಡ್‌ಬ್ರೇಕ್ ವೈರು. ಓಡುವಾಗ ವೀಡಿಯೋ ಬರದಂತೆ ಯೂನಿಟ್ ಆ ವೈರು ನೋಡುತ್ತಿರುತ್ತದೆ. ಅಂಗಡಿಯವರು ನನ್ನನ್ನು ಕೇಳದೇ ಅದನ್ನು ಕಾರಿನ ಲೋಹದ ಮೈಗೆ ಜೋಡಿಸಿ, ಹ್ಯಾಂಡ್‌ಬ್ರೇಕ್ ಯಾವಾಗಲೂ ಎಳೆದೇ ಇದೆ ಎಂದು ಯೂನಿಟ್ ನಂಬುವ ಹಾಗೆ ಮಾಡಿಬಿಟ್ಟಿದ್ದರು. ಈ ಊರಿನ ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಹಿಡಿದು ಸಿನಿಮಾ ನೋಡುವ ಆಸೆ ನನಗಿಲ್ಲ. ಸರಿಯಾಗಿ ಹಾಕಿಸಿದೆ.

ಮೈಕನ್ನು ಕಿಟಕಿ ಪಕ್ಕದ ಕಂಬದಿಂದ ತೆಗೆದು ಸ್ಟೀರಿಂಗ್ ಹಿಂದೆ ಕೂರಿಸಿದರು. ಮೊದಲು ಫೋನ್ ಮಾಡಿದರೆ "ಹಿಟ್ಟಿನ ಗಿರಣಿಲಿ ಇದೀಯಾ?" ಎನ್ನುತ್ತಿದ್ದ ಅಮ್ಮ ಈಗ ಏನೂ ಅನ್ನುವುದಿಲ್ಲ. ಟೈರಿನ ಸದ್ದು ಮಾತ್ರ ಈಗಲೂ ಅವರಿಗೆ ಕೇಳುತ್ತದೆ. ಅದು ಕಾರಿನ ಗುಣ.

ಮನೆಗೆ ಬಂದು ಮತ್ತೆ ಮೀಟರ್ ಹಾಕಿದೆ. 30 ಮಿಲಿಆಂಪ್. ಈಗ ನಾಲ್ಕು ತಿಂಗಳಾಯಿತು, ಅದೇ ಹಳೆಯ ಬ್ಯಾಟರಿ, ಪ್ರತಿ ಶನಿವಾರ ಮೊದಲ ತಿರುವಿಗೇ ಎದ್ದೇಳುತ್ತದೆ.

ಇನ್ನು ಸ್ಕ್ರೀನ್ ಹೇಗಿದೆ ಅಂದರೆ, ಚೆನ್ನಾಗಿದೆ, ಅದ್ಭುತ ಅಲ್ಲ. ಕಾರ್‌ಪ್ಲೇ ಕೇಬಲ್ ಹಾಕಿದರೆ ಸಲೀಸು. ಬಟನ್‌ಗಳ ಬೆಳಕನ್ನು ಕೆಂಪಿಗೆ ತಿರುಗಿಸಿದೆ, ಉಳಿದ ಮೀಟರುಗಳ ಜೊತೆ ಹೊಂದಿಕೊಂಡಿತು. ಬೆಳಗ್ಗೆ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆ ಹೋಗುವಾಗ ಸೂರ್ಯ ಹಿಂದಿನ ಗಾಜಿನಿಂದ ನೇರ ಸ್ಕ್ರೀನಿಗೆ ಹೊಡೆಯುತ್ತಾನೆ, ಆಗ ಮ್ಯಾಪ್ ಕಾಣುವುದಿಲ್ಲ, ನನ್ನ ಮುಖ ಕಾಣುತ್ತದೆ. ವಾಲ್ಯೂಮ್‌ಗೆ ತಿರುಗಿಸುವ ಗುಂಡಿ ಇಲ್ಲ, ಒತ್ತುವ ಬಟನ್. ಸ್ಟೀರಿಂಗ್ ಬಟನ್ ಇಲ್ಲದಿದ್ದರೆ ಯೂನಿಟನ್ನೇ ವಾಪಸ್ ಕೊಡುತ್ತಿದ್ದೆ. ಮೊದಲು ಮೀಟರಿನ ಮಧ್ಯದ ಪುಟ್ಟ ಪರದೆಯಲ್ಲಿ ರೇಡಿಯೋ ಸ್ಟೇಷನ್ ಹೆಸರು ಬರುತ್ತಿತ್ತು, ಈಗ ಅದು ಹೋಯಿತು. ಸ್ವಲ್ಪ ಬೇಜಾರು. ಹಳೆಯ ಸ್ಟೀರಿಯೋವನ್ನು ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ, ಮಾರುವಾಗ ಕೇಳುವವರು ಇರುತ್ತಾರೆ.

ಒಂದು ಕೊರತೆಯನ್ನು ಮಾತ್ರ ನಾನು ಮೊದಲೇ ಪರೀಕ್ಷೆ ಮಾಡಬೇಕಿತ್ತು. ಈ ಯೂನಿಟಿಗೆ ಕನ್ನಡ ಬರಲ್ಲ. ಕಾರ್‌ಪ್ಲೇಯಲ್ಲಿ ಹಾಡಿನ ಹೆಸರು ಕನ್ನಡದಲ್ಲೇ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಅಕ್ಷರ ಬರೆದು ಕಳಿಸುವುದು ಫೋನು, ಸ್ಕ್ರೀನ್ ಬರೀ ಚಿತ್ರ ತೋರಿಸುತ್ತದೆ. ಯುಎಸ್‌ಬಿಯಲ್ಲಿ ಪೆನ್‌ಡ್ರೈವ್ ಹಾಕಿದರೆ ಯೂನಿಟ್ಟೇ ಓದಬೇಕು. ಅದಕ್ಕೆ ಕನ್ನಡದ ಫಾಂಟ್ ಇಲ್ಲ, ಎಲ್ಲಾ ಚೌಕ ಡಬ್ಬಗಳು. ಅಮ್ಮನ ಪೆನ್‌ಡ್ರೈವಿನಲ್ಲಿ 200ಕ್ಕೂ ಹೆಚ್ಚು ದೇವರನಾಮ ಇವೆ, ಎಲ್ಲದಕ್ಕೂ ನನ್ನ ಅಕ್ಕನ ಮಗ ಪ್ರೀತಿಯಿಂದ ಕನ್ನಡದಲ್ಲೇ ಹೆಸರು ಹಾಕಿಕೊಟ್ಟಿದ್ದಾನೆ. ಮೊದಲ ದಿನ ಅಮ್ಮ ಕನ್ನಡಕ ಹಾಕಿಕೊಂಡು ಸ್ಕ್ರೀನನ್ನೇ ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಈಗ ಅಭ್ಯಾಸವಾಗಿದೆ. ಕಾರು ಹತ್ತಿ, ಸೊಂಟ ಹಿಡಿದುಕೊಂಡು ಕೂತು, ಬೆಲ್ಟ್ ಹಾಕಿಕೊಂಡ ಮೇಲೆ, "ಎರಡನೇ ಪುಟ, ಮೂರನೇ ಡಬ್ಬ ಹಾಕು" ಎನ್ನುತ್ತಾರೆ.